ಗೋದಾ ಅವರ ಕೈಬಳೆ ಒಡೆದ ಬಗ್ಗೆ ದ್ರೌಪದಮ್ಮನ ಹೇಳಿಕೆ

ಹೆಸರು ದ್ರೌಪದಮ್ಮ ಕೋಂ ದಿವಂಗತ ಅಶ್ವತ್ಥಪ್ಪ, ವಯಸ್ಸು 56 ವರ್ಷ, ಕಸುಬು ಬಳೆ ವ್ಯಾಪಾರ, ವಾಸ ಈಶ್ವರನ ಗುಡಿ ಹಿಂದಿನ ವಠಾರ, ಚಾಮರಾಜಪೇಟೆ, ಬೆಂಗಳೂರು-18.

ದಿನಾಂಕ 9-3-1984 ಶುಕ್ರವಾರ ಬೆಳಿಗ್ಗೆ 10-15ಕ್ಕೆ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಉತ್ತರವಾಗಿಯೂ, ಕೇಳದಿದ್ದರೂ ಹೇಳಲೇಬೇಕೆಂದು ನನಗೆ ತೋರಿದ್ದನ್ನು ಸೇರಿಸಿಯೂ ಬರೆಸುವುದೇನೆಂದರೆ:

ನಾನು ಮೂವತ್ತೈದು ವರ್ಷದಿಂದ ಮಲಾರ ಎಂಬ ಬಳೆಯ ಹೊರೆ ಹೊತ್ತು ಮನೆಮನೆಗೆ ಹೋಗಿ ಬಳೆ ತೊಡಿಸುವ ಕಸುಬು ಮಾಡಿಕೊಂಡಿರುತ್ತೇನೆ. ಚಾಮರಾಜಪೇಟೆ, ಬಸವನಗುಡಿ, ಹನುಮಂತನಗರ ನನ್ನ ಓಡಾಟದ ಜಾಗ. ಬಸವನಗುಡಿಯಲ್ಲಿ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿರುವ ವಿಶಾಲಮ್ಮನವರ ಮನೆಗೆ ಹದಿನೆಂಟು ವರ್ಷದಿಂದ ನಾನೇ ಬಳೆ ತೊಡಿಸುತ್ತಿದ್ದೇನೆ. ಅವರ ಮಗ ರಾಮಸ್ವಾಮಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಹೆಂಡತಿ ಗೋದಾ, ವಯಸ್ಸು 23 ವರ್ಷ. ಒಂದು ವರ್ಷ ಹತ್ತು ತಿಂಗಳ ಹಿಂದೆ ಆಕೆಯ ಮದುವೆಗೂ ಬಳೆ ತೊಡಿಸಿದವಳು ನಾನೇ.

ಗೋದಾ ಅವರು ಚೊಚ್ಚಲ ಬಸುರಿಯಾಗಿದ್ದು, ಒಂಬತ್ತನೇ ತಿಂಗಳು ನಡೆಯುತ್ತಿರುವಾಗ ಮೊನ್ನೆ 7-3-1984 ಬುಧವಾರ ಸಂಜೆ 5-40ಕ್ಕೆ ಹೆರಿಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಲ್ಲೇಶ್ವರದಲ್ಲಿರುವ ಆಕೆಯ ತಂದೆ ತಿರುನಾರಾಯಣ ಅಯ್ಯಂಗಾರರು ಮಗಳ ಎರಡು ಮುಂಗೈಗಳ ಮೇಲಿನ ಗಾಯಗಳನ್ನೂ, ಬೆರಳು ಊರಿದಂತಿದ್ದ ಕಂದು ಗುರುತುಗಳನ್ನೂ, ಒಡೆದ ಬಳೆಗಳನ್ನೂ ಕಂಡು, ಅಳಿಯ ಕೈ ತಿರುಚಿ ಹೊಡೆದು ಸಾಯಿಸಿದ್ದಾನೆಂದು ದೂರು ಕೊಟ್ಟಿರುವುದಾಗಿ ಸಬ್ ಇನ್ಸ್‌ಪೆಕ್ಟರ್ ಸಾಹೇಬರು ನನಗೆ ತಿಳಿಸಿದರು. ನಾನು ಒಳಗೆ ಬರುವಾಗ ರಾಮಸ್ವಾಮಿಯವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಅಂಗಿಯ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿ ಹಾಕಿಕೊಂಡಿದ್ದರು. ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು.

ಹೇಳಿಕೆ ಬರೆದುಕೊಳ್ಳಲು ಕೂತ ದಫೇದಾರ್ ಶಿವಲಿಂಗಯ್ಯನವರು ಗಾಯ ಹೇಗಾಯಿತೆಂಬುದನ್ನು ಮಾತ್ರ ಹೇಳಿದರೆ ಸಾಕು ಎಂದರು. ಅಷ್ಟೇ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ, ನಾನು ಬಂದಿರುವುದು ಪೂರ್ತಿ ಹೇಳಲಿಕ್ಕೆ ಎಂದೆ. ಪೂರ್ತಿ ಹೇಳಿದ ಮೇಲೆ ಈ ಮೂರು ಬಡಾವಣೆಯಲ್ಲಿ ಯಾವ ಮನೆಯವರೂ ತಮ್ಮ ಬಸುರಿ ಹೆಣ್ಣುಮಗಳ ಕೈಯನ್ನು ನನ್ನ ಕೈಗೆ ಕೊಡುವುದಿಲ್ಲ. ನನಗೆ ಬೇರೆ ಕಸುಬು ಬರುವುದಿಲ್ಲ. ಅದೆಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ.

ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಹೋಗುತ್ತದೆ. ಎರಡನೆಯ ಅಂಕಿ ದೊಡ್ಡದಾದಷ್ಟೂ ಬಳೆ ದೊಡ್ಡದು. ಗೋದಾ ಅವರದು ಎರಡು-ನಾಲ್ಕರ ಕೈ. ಮೂಳೆ ಮೆತ್ತಗೆ, ಹೆಬ್ಬೆರಳು ಅಂಗೈಯೊಳಕ್ಕೆ ಸಲೀಸಾಗಿ ಮಡಚುತ್ತಿತ್ತು. ಬಳೆಗಾರ್ತಿಗೆ ಅಂಥ ಕೈ ಸಿಕ್ಕಿದರೆ ಸಂತೋಷ. ದಿನಾಂಕ 14-1-1984ರಂದು, ಸಂಕ್ರಾಂತಿಯ ದಿನ, ಬೆಳಿಗ್ಗೆ 11 ಗಂಟೆಗೆ ನಾನು ಆಕೆಗೆ ಎರಡು-ನಾಲ್ಕರ ಬಳೆಗಳನ್ನೇ ಕೈಗೆ ಆರಾರು ತೊಡಿಸಿದೆ. ಸೋಪು ಹಚ್ಚುವ ಪ್ರಮೇಯ ಬರಲಿಲ್ಲ.

ಅಂದು ಗೋದಾ ಅವರು ಸಂಜೆಯಾದರೆ ಪಾದ ಊದುತ್ತದೆ, ಚಪ್ಪಲಿ ಹಿಡಿಯುವುದಿಲ್ಲ ಎಂದು ನಗುತ್ತಾ ಹೇಳಿದರು. ಬೆಳಿಗ್ಗೆಗೆ ಇಳಿಯುತ್ತದೆಯೇ ಎಂದು ಕೇಳಿದೆ. ಇಳಿಯುತ್ತದೆ ಎಂದರು. ಸೊಂಟ ನೋವು, ಎದೆಯುರಿ, ರಾತ್ರಿ ಮೂರು ಸಲ ಏಳುವುದು, ಹೊಟ್ಟೆ ಆಗಾಗ ಗಟ್ಟಿಯಾಗಿ ತಾನೇ ಸಡಿಲವಾಗುವುದು, ಇವನ್ನೂ ಹೇಳಿಕೊಂಡರು. ತಾಯಿ ಇಲ್ಲದ ಹುಡುಗಿ, ಕೇಳಲಿಕ್ಕೆ ಯಾರಾದರೂ ಬೇಕಿತ್ತು. ಇವೆಲ್ಲ ತುಂಬು ಬಸುರಿಗೆ ಇರುವುದೇ, ಭಯಪಡಬೇಡ ತಾಯಿ ಎಂದೆ. ಆ ದಿನ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ದಿನಾಂಕ 23-2-1984 ಗುರುವಾರ ಬೆಳಿಗ್ಗೆ 10-30ಕ್ಕೆ ಬಳೆ ತೊಡಿಸುವ ಶಾಸ್ತ್ರಕ್ಕೆ ನನ್ನನ್ನು ಕರೆಸಿದ್ದರು. ಹಜಾರದಲ್ಲಿ ಹದಿನಾಲ್ಕು ಮಂದಿ ಮುತ್ತೈದೆಯರಿದ್ದರು. ಗೋದಾ ಅವರನ್ನು ಮಣೆಯ ಮೇಲೆ ಕೂರಿಸಿದ್ದರು. ಸಂಕ್ರಾಂತಿಯ ಬಳೆಗಳನ್ನು ಕೆಲವು ದಿನ ಮೊದಲೇ ತೆಗೆದಿಟ್ಟಿದ್ದರು. ಎರಡು-ನಾಲ್ಕರ ಹಸಿರು ಗಾಜಿನ ಬಳೆ ಬೆರಳಿನ ಗೆಣ್ಣನ್ನೂ ದಾಟಲಿಲ್ಲ. ಎರಡು-ಆರು ಗೆಣ್ಣು ದಾಟಿ ಹೆಬ್ಬೆರಳಿನ ಬುಡದಲ್ಲಿ ನಿಂತಿತು. ನಾನು ಸೆರಗಿನ ಮರೆಯಲ್ಲಿ ಮಲಾರದಿಂದ ಎರಡು-ಎಂಟನ್ನು ತೆಗೆದು, ಸೋಪು ಹಚ್ಚಿ, ಎಡಗೈಗೆ ಹನ್ನೊಂದು ಬಲಗೈಗೆ ಹನ್ನೆರಡು ಏರಿಸಿದೆ. ನಲವತ್ತು ದಿನದಲ್ಲಿ ಕೈ ಎರಡು ಅಳತೆ ಮೇಲೆ ಹೋಗಿತ್ತು. ಬಸುರಿಯ ಕೈ ಒಂದು ಅಳತೆ ಮೇಲೆ ಹೋಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎರಡು ಅಳತೆ ಹೋದದ್ದನ್ನು ಕಂಡದ್ದು ಅದು ಎರಡನೆಯ ಸಲ.

ವಿಶಾಲಮ್ಮನವರು ಅದೇ ಅಳತೆ ತಾನೇ ಎಂದು ಕೇಳಿದರು. ಅದೇ ಎಂದೆ. ಇದು ಸುಳ್ಳು. ಶಾಸ್ತ್ರದ ದಿನ ಬಳೆ ಹಿಡಿಯುವುದಿಲ್ಲ, ಸಾಲುವುದಿಲ್ಲ ಎಂಬ ಮಾತು ತೊಡಿಸುವವಳ ಬಾಯಲ್ಲಿ ಬರಬಾರದು. ಬಸುರಿಯ ಮುಂದೆ ಅಳತೆಯನ್ನು ಗಟ್ಟಿಯಾಗಿ ಹೇಳಲೂ ಬಾರದು, ದೃಷ್ಟಿಯಾಗುತ್ತದೆ. ಕೈ ಹೇಗೇ ಇರಲಿ, ಕೈ ತುಂಬಿಕೊಂಡಿದೆ, ಲಕ್ಷಣವಾಗಿದೆ ಎಂದೇ ಹೇಳಬೇಕು. ಇದು ನನ್ನ ಅತ್ತೆ ನನಗೆ ಕಲಿಸಿದ ಮೊದಲ ಪಾಠ. ಬಳೆ ತೊಡಿಸುವುದನ್ನು ಆಮೇಲೆ ಕಲಿಸಿದರು.

ಮೊದಲ ಸಲ ಕಂಡದ್ದು ಎಲ್ಲಿ ಎಂದು ದಫೇದಾರರು ಕೇಳಿದ್ದರಿಂದ ಹೇಳುತ್ತೇನೆ. 1971ರಲ್ಲಿ ಹನುಮಂತನಗರದಲ್ಲಿ ಅಂಜಿನಮ್ಮ ಎಂಬ ಹೆಣ್ಣುಮಗಳು. ಅವಳಿಗೂ ಒಂಬತ್ತನೇ ತಿಂಗಳು, ಅದೇ ರೀತಿಯ ಕೈ, ಹೆಬ್ಬೆರಳಿನಿಂದ ಒತ್ತಿದರೆ ಗುಂಡಿ ಬಿದ್ದು ಮೇಲಕ್ಕೆ ಬಾರದ ಕೈ. ಬಳೆ ತೊಡಿಸಿ ಹನ್ನೊಂದನೇ ದಿನಕ್ಕೆ ಫಿಟ್ಸ್ ಬಂದು ತೀರಿಹೋದಳು. ಅವಳ ಮನೆಯವರು ಗಾಳಿ ಎಂದರು. ನಾನು ಹದಿಮೂರು ವರ್ಷದಿಂದ ಆ ಕೈಯ ವಿಚಾರ ಯಾರಿಗೂ ಹೇಳಿಲ್ಲ. ಬಳೆಗಾರ್ತಿಯ ಬಾಯಿಂದ ಇಂಥ ಕಥೆ ಹೊರಗೆ ಬಂದರೆ, ಇವಳ ಕೈಗುಣ ಸರಿಯಿಲ್ಲ ಎಂಬ ಹೆಸರು ಬರುತ್ತದೆ.

ದಿನಾಂಕ 5-3-1984 ಸೋಮವಾರ ಬೆಳಿಗ್ಗೆ 9 ಗಂಟೆಗೆ ಮತ್ತೆ ಕರೆ ಬಂದು, ನಾನು 9-40ಕ್ಕೆ ಅವರ ಮನೆ ಸೇರಿದೆ. ಬಳೆ ಕಚ್ಚಿ ಹಿಡಿದಿದೆ, ಹೆರಿಗೆಗೆ ಮುಂಚೆ ಒಂದನ್ನೂ ತೆಗೆಯುವ ಹಾಗಿಲ್ಲ, ಎಣ್ಣೆ ಹಚ್ಚಿ ಸರಿದಾಡುವಂತೆ ಮಾಡಿಕೊಡು ಎಂದು ವಿಶಾಲಮ್ಮನವರು ಹೇಳಿದರು. ಗೋದಾ ಅವರು ಹಜಾರದಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ಮುಖ ಊದಿತ್ತು. ರೆಪ್ಪೆಗಳು ದಪ್ಪವಾಗಿ ಕಣ್ಣು ಸಣ್ಣದಾಗಿತ್ತು. ಹನ್ನೊಂದು ದಿನದ ಹಿಂದೆ ಕಂಡ ಮುಖವೇ ಹೌದೋ ಅಲ್ಲವೋ ಎನಿಸಿತು. ಬೆಳಿಗ್ಗೆ ಎದ್ದಾಗಲೇ ಹೀಗಿತ್ತೇ ಎಂದು ಕೇಳಿದೆ. ಎದ್ದಾಗಲೇ ಹೀಗಿತ್ತು ಎಂದರು.

ನಾನು ಹರಳೆಣ್ಣೆ ಹಚ್ಚಿ ಬಳೆಗಳನ್ನು ಒಂದೊಂದಾಗಿ ತಿರುಗಿಸಿದೆ. ಪ್ರತಿ ಬಳೆಯ ಕೆಳಗೂ ಕೆಂಪು ಗೆರೆ ಬಿದ್ದಿತ್ತು. ಮುಂಗೈಯನ್ನು ಒತ್ತಿ ನೋಡಿದೆ. ಗುಂಡಿ ಬಿತ್ತು, ಮೇಲಕ್ಕೆ ಬರಲಿಲ್ಲ. ಆಗ ಗೋದಾ ಅವರು ಅತ್ತೆಗೆ ಕೇಳಿಸದ ಹಾಗೆ ಹೇಳಿದ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. "ದ್ರೌಪದಮ್ಮ, ಮೂರು ದಿನದಿಂದ ತಲೆ ಸಿಡೀತಿದೆ, ಏನ್ ಹಚ್ಚಿದ್ರೂ ಹೋಗ್ತಿಲ್ಲ. ಕಣ್ಮುಂದೆ ಮಿಣಮಿಣ ಅಂತ ಏನೋ ಹಾರಾಡುತ್ತೆ. ಇಲ್ಲಿ ಪಕ್ಕೆ ಕೆಳಗೆ ಒತ್ತಿ ಹಿಡ್ದಂಗೆ ನೋವು. ಅತ್ತೆ ಪಿತ್ತ ಅಂತ ಕಷಾಯ ಕೊಡ್ತಿದಾರೆ. ಇದೂ ಎಲ್ರಿಗೂ ಇರತ್ತಾ?"

ನಾನು ಉತ್ತರ ಹೇಳುವ ಮೊದಲೇ ರಾಮಸ್ವಾಮಿಯವರು ಕಚೇರಿಯ ಬಟ್ಟೆ ಹಾಕಿಕೊಂಡು ಒಳಗಿನಿಂದ ಬಂದರು. ಸಮಯ 10 ಗಂಟೆಗೆ ಐದು ನಿಮಿಷ ಇತ್ತು. ಅವರು ತಾಯಿಗೆ ಹೇಳಿದ ಮಾತು ಇಷ್ಟು. "ಅಮ್ಮಾ, ನಾನು ಅರ್ಧ ದಿನ ರಜಾ ಹಾಕ್ತೀನಿ. ಈಗ್ಲೇ ಆಟೋ ತರ್ತೀನಿ, ಆಸ್ಪತ್ರೆಗೆ ತೋರಿಸ್ಕೊಂಡ್ ಬಂದ್ಬಿಡೋಣ. ಇವಳ ಮುಖ ನೋಡಿದ್ರೆ ನಂಗೆ ಭಯ ಆಗ್ತಿದೆ." ಮಾರ್ಚ್ 2ನೇ ತಾರೀಕು ಶುಕ್ರವಾರ ಬಂದು ತೋರಿಸಲು ಆಸ್ಪತ್ರೆಯ ಚೀಟಿಯಲ್ಲಿ ಬರೆದುಕೊಟ್ಟ ದಿನವಾಗಿದ್ದು, ಅಂದು ಅಮಾವಾಸ್ಯೆ ಬಿದ್ದಿದ್ದರಿಂದ ಮನೆಯವರು ಮುಂದಿನ ಶುಕ್ರವಾರಕ್ಕೆ ಹಾಕಿದ್ದರೆಂದು ನನಗೆ ಆಗ ತಿಳಿಯಿತು. ಆ ಮುಂದಿನ ಶುಕ್ರವಾರ ಎಂದರೆ ಈ ದಿನ.

ವಿಶಾಲಮ್ಮನವರು ಕೆಟ್ಟವರಲ್ಲ. ಸೊಸೆಗೆ ಬಿಸಿನೀರು ಕಾಯಿಸಿ ತಾವೇ ಬೆನ್ನು ಉಜ್ಜುತ್ತಿದ್ದವರು. ಅವರು ಮಗನಿಗೆ, ಚೊಚ್ಚಲು ಬಸುರಿಗೆ ಕೈಕಾಲು ಊದುವುದು ಇದ್ದದ್ದೇ, ನೀನು ಹೊಟ್ಟೆಯಲ್ಲಿದ್ದಾಗ ನನ್ನ ಕಾಲು ಕಂಬದಂತಾಗಿತ್ತು, ಇದಕ್ಕೆಲ್ಲ ಗಂಡಸರು ಹೆದರಬಾರದು ಎಂದರು. ರಾಮಸ್ವಾಮಿಯವರು ಒಪ್ಪಲಿಲ್ಲ. ಆಗ ವಿಶಾಲಮ್ಮನವರು ನನ್ನ ಕಡೆಗೆ ತಿರುಗಿದರು. "ನಮ್ ಮಾತು ಬೇಡ ಬಿಡು. ಇವಳು ಸಾವಿರ ಬಸುರಿ ಕೈ ನೋಡಿದಾಳೆ. ನೀನೇ ಹೇಳೇ ದ್ರೌಪದಮ್ಮ, ಇದು ಇರೋದೇ ತಾನೇ?"

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗೋದಾ ಅವರ ಎಡಗೈ ಆಗಲೂ ನನ್ನ ಕೈಯಲ್ಲಿಯೇ ಇತ್ತು. ನಾನು ಒತ್ತಿದ ಗುಂಡಿ ಆಗಲೂ ಹಾಗೆಯೇ ಇತ್ತು. ನನಗೆ ಅಂಜಿನಮ್ಮನ ನೆನಪು ಬಂದಿತ್ತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಹೇಳಿದ ಮಾತು ಹೀಗಿತ್ತು. "ಕೈ ತುಂಬ್ಕೊಂಡಿದೆ ಅಮ್ಮಾವ್ರೇ, ಲಕ್ಷಣವಾಗಿದೆ. ಏನೂ ಆಗಲ್ಲ."

ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಆ ಮಾತು ಮೂವತ್ತೈದು ವರ್ಷದಿಂದ ನನ್ನ ನಾಲಿಗೆಯ ಮೇಲೆ ಓಡಾಡಿದ ಮಾತು, ಯಾರು ಕೇಳಿದರೂ ತಾನಾಗಿ ಬರುತ್ತದೆ. ಅದರ ಜೊತೆಗೆ ಹೆದರಿಕೆಯೂ ಇತ್ತು. ಕೆಟ್ಟದ್ದು ನುಡಿದು ಏನೂ ಆಗದಿದ್ದರೆ ಕೆಟ್ಟ ಬಾಯಿ ಎನ್ನುತ್ತಾರೆ, ಆಗಿಬಿಟ್ಟರೆ ಇವಳು ನುಡಿದದ್ದರಿಂದಲೇ ಆಯಿತು ಎನ್ನುತ್ತಾರೆ. ಎರಡರಲ್ಲೂ ಮಲಾರ ಮೂಲೆ ಸೇರುವುದು ನನ್ನದು ಎಂದು ಯೋಚಿಸಿದೆ. ಆ ಹುಡುಗಿಯ ಕೈ ಹಿಡಿದುಕೊಂಡೇ ನನ್ನ ಕಸುಬಿನ ಬಗ್ಗೆ ಯೋಚಿಸಿದೆ.

ರಾಮಸ್ವಾಮಿಯವರು ಒಂದು ನಿಮಿಷ ಅಲ್ಲೇ ನಿಂತಿದ್ದರು. ಆಮೇಲೆ ಹೆಂಡತಿಗೆ, ಶುಕ್ರವಾರ ಹೇಗೂ ಹೋಗುವುದಿದೆಯಲ್ಲ ಎಂದು ಹೇಳಿ, ಸೈಕಲ್ ತೆಗೆದುಕೊಂಡು 10-05ಕ್ಕೆ ಕಚೇರಿಗೆ ಹೋದರು. ಅವರ ಮುಖದಲ್ಲಿ ನಿರಾಳವಾದದ್ದನ್ನು ನಾನೇ ಕಂಡೆ. ಗೋದಾ ಅವರೂ ಸ್ವಲ್ಪ ನಕ್ಕರು. ನನಗೆ ಎಲೆ ಅಡಿಕೆ, ಎರಡು ಬಾಳೆಹಣ್ಣು ಕೊಟ್ಟು ಕಳಿಸಿದರು.

ಅಂದು ಮತ್ತು ಮರುದಿನ ಮಂಗಳವಾರ ನನಗೆ ಊಟ ಸೇರಲಿಲ್ಲ. ಮಗಳು ಯಾಕೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದೆ. ಬುಧವಾರ 7-3-1984ರಂದು ಬೆಳಿಗ್ಗೆ ಹೋಗಿ ನಿಜ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ ಎರಡು-ಹತ್ತರ ಬಳೆ ಒಂದು ಡಜನ್ ಮಲಾರಕ್ಕೆ ಸೇರಿಸಿಕೊಂಡು 8 ಗಂಟೆಗೆ ಮನೆ ಬಿಟ್ಟೆ. ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಹೂವಿನ ಭಾಗೀರಥಮ್ಮ ಎಂಬುವರು ತಮ್ಮ ಮೊಮ್ಮಗಳಿಗೆ ನಾಲ್ಕು ಬಳೆ ತೊಡಿಸೆಂದು ಕೂಗಿದರು. ಕೂತು ತೊಡಿಸಿದೆ. ಇಪ್ಪತ್ತು ನಿಮಿಷ ಹೋಯಿತು. ಬೇಡವೆಂದು ಹೋಗಬಹುದಿತ್ತು, ಆದರೆ ಆ ಮನೆಗೆ ಹೋಗುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದು ನನ್ನ ಕಾಲು ಹೇಳುತ್ತಿತ್ತು.

ನಾನು 9 ಗಂಟೆಗೆ ವಿಶಾಲಮ್ಮನವರ ಮನೆಯ ಗೇಟಿನಿಂದ ಸುಮಾರು ಹತ್ತು ಗಜ ದೂರದಲ್ಲಿದ್ದಾಗ ಒಳಗಿನಿಂದ ಕೂಗು ಕೇಳಿಸಿತು. ಚಪ್ಪಲಿಯಲ್ಲಿಯೇ ಒಳಗೆ ಓಡಿದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಗೋದಾ ಅವರು ಬಿದ್ದಿದ್ದರು. ಮೈಯೆಲ್ಲ ಸೆಟೆದು ಅದುರುತ್ತಿತ್ತು. ಕಣ್ಣು ಮೇಲಕ್ಕೆ ಹೋಗಿತ್ತು, ಬಾಯಲ್ಲಿ ನೊರೆ ಬಂದಿತ್ತು. ಎಡಗೈ ತಾನಾಗಿಯೇ ಎದ್ದೆದ್ದು ಕಲ್ಲಿನ ಅಂಚಿಗೆ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಬಳೆ ಒಡೆದು ಚೂರು ಮುಂಗೈಗೆ ನಾಟುತ್ತಿತ್ತು. ಆ ಕೈಯ ಹನ್ನೊಂದರಲ್ಲಿ ಒಂಬತ್ತು ಬಳೆ ಒಡೆದವು.

ರಾಮಸ್ವಾಮಿಯವರು ಮಂಡಿಯೂರಿ ಕುಳಿತು ಆಕೆಯ ಎರಡು ಮುಂಗೈಗಳನ್ನೂ ತಮ್ಮ ಎರಡು ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡರು. ಕಲ್ಲಿಗೆ ಬಡಿಯದಿರಲಿ ಎಂದು ಹಿಡಿದದ್ದು. ಅವರ ಅಂಗೈಗೂ ಗಾಜು ಹೊಕ್ಕು ರಕ್ತ ಬರುತ್ತಿತ್ತು. ಈಗಲೂ ಆ ಗಾಯವಿದೆ, ಹೊರಗೆ ಬೆಂಚಿನ ಮೇಲೆ ಕುಳಿತಿರುವವರ ಕೈ ಬಿಡಿಸಿ ನೋಡಬಹುದು. ಅಯ್ಯಂಗಾರರು ಕಂಡ ಬೆರಳಿನ ಗುರುತು ಆ ಹಿಡಿತದ್ದು. ಒತ್ತಿದರೆ ಗುಂಡಿ ಬೀಳುವ ಕೈಯಲ್ಲಿ ಹಾಗೆ ಹಿಡಿದರೆ ಗುರುತು ಉಳಿಯದೆ ಏನಾಗುತ್ತದೆ? ವಿಶಾಲಮ್ಮನವರು ಸೊಸೆಯ ಮುಷ್ಟಿಗೆ ಬೀರುವಿನ ಕಬ್ಬಿಣದ ಬೀಗದಕೈ ತುರುಕಲು ನೋಡುತ್ತಾ, ಈರುಳ್ಳಿ ತನ್ನಿ ಎಂದು ಕೂಗುತ್ತಿದ್ದರು. ಸುಮಾರು ಎರಡು ನಿಮಿಷದ ಮೇಲೆ ಅದುರುವುದು ನಿಂತಿತು. ಎಚ್ಚರ ಬರಲಿಲ್ಲ.

ನಾನು ರಸ್ತೆಗೆ ಓಡಿ ಆಟೋ ನಿಲ್ಲಿಸಿದೆ. 9-20ಕ್ಕೆ ಹೊರಟು, ಸುಮಾರು ಒಂದೂವರೆ ಮೈಲಿ ದೂರದ ಹೆರಿಗೆ ಆಸ್ಪತ್ರೆಯನ್ನು 9-35ಕ್ಕೆ ತಲುಪಿದೆವು. ಆಟೋದಲ್ಲಿ ಇನ್ನೊಂದು ಸಲ ಫಿಟ್ಸ್ ಬಂತು. ಆಗಲೂ ಕೈ ಹಿಡಿದವರು ರಾಮಸ್ವಾಮಿಯವರೇ. ದಾರಿಯುದ್ದಕ್ಕೂ, ಗೋದಾ ಕಣ್ಣು ಬಿಡು, ಗೋದಾ ಕಣ್ಣು ಬಿಡು ಎಂದು ಹೇಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಬಿ.ಪಿ. ನೋಡಿ, ಇನ್ನೊಮ್ಮೆ ನೋಡಿ, ಕೂಡಲೇ ಸೂಜಿ ಹಾಕಬೇಕೆಂದರು. ಎಡಗೈ ಗಾಯವಾಗಿದ್ದರಿಂದ ಬಲಗೈ ಬೇಕಾಯಿತು. ಬಲಗೈಯ ಹನ್ನೆರಡು ಬಳೆ ಮೊಳಕೈ ಕಡೆಗೂ ಸರಿಯಲಿಲ್ಲ, ಬೆರಳಿನ ಕಡೆಗೂ ಬರಲಿಲ್ಲ. ನರ್ಸು ಒಡೆಯಿರಿ ಎಂದರು. ವಿಶಾಲಮ್ಮನವರು ನರ್ಸಿನ ಕೈ ಹಿಡಿದು, ಮಗ ಎದುರಿಗೇ ನಿಂತಿದ್ದಾನೆ, ಹೆರಿಗೆಗೆ ಮುಂಚೆ ಮುತ್ತೈದೆಯ ಬಳೆ ಒಡೆಯಬೇಡಿ ಎಂದು ಅತ್ತರು. ಹೊತ್ತು ಹೋಗುತ್ತಿತ್ತು. ನಾನು ಮುಂದೆ ಹೋಗಿ, ಕತ್ತರಿಯ ಹಿಡಿಯಿಂದ ಹನ್ನೆರಡು ಬಳೆಯನ್ನೂ ಒಂದೊಂದಾಗಿ ಒಡೆದೆ. ನಾನು ತೊಡಿಸಿದ ಬಳೆಯನ್ನು ಅದೇ ಕೈಯಲ್ಲಿ ನಾನೇ ಒಡೆದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಒಡೆಯುವಾಗ ಎರಡು ಕಡೆ ಗಾಜು ತಗುಲಿತು. ಬಲ ಮುಂಗೈಯ ಮೇಲಿರುವ ಎರಡು ಗಾಯ ನಾನು ಮಾಡಿದ್ದು. ರಾಮಸ್ವಾಮಿಯವರು ಒಂದು ಬಳೆಯನ್ನೂ ಒಡೆದಿಲ್ಲ.

11-10ಕ್ಕೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು, ಒಂದು ಮುಕ್ಕಾಲು ಕೆ.ಜಿ. ತೂಕ. ಬದುಕಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಾಯಿಗೆ ಎಚ್ಚರ ಬರಲೇ ಇಲ್ಲ. ಸಂಜೆ 5-40ಕ್ಕೆ ಹೋದಳು. ಡಾಕ್ಟರು ಹೊರಗೆ ಬಂದು, ಕಾಲು ಊದುವುದನ್ನು ಎಲ್ಲರೂ ನೋಡಿರುತ್ತೀರಿ, ಆದರೆ ಬೆಳಿಗ್ಗೆ ಏಳುವಾಗಲೇ ಮುಖ ಕೈ ಊದಿ, ತಲೆನೋವು ಬಿಡದೆ, ಕಣ್ಣು ಮಂಜಾಗಿ, ಪಕ್ಕೆಯ ಕೆಳಗೆ ನೋವು ಬಂದರೆ ಒಂದು ಗಂಟೆಯೂ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದರು. ಎರಡು ದಿನ ಮೊದಲು ಕರೆತಂದಿದ್ದರೆ ಉಳಿಸಿಕೊಳ್ಳಬಹುದಿತ್ತೋ ಏನೋ ಎಂದೂ ಹೇಳಿದರು. ಆಗ ರಾಮಸ್ವಾಮಿಯವರು ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅಲ್ಲಿಯೇ ಅವರ ಕಾಲು ಹಿಡಿದುಬಿಡುತ್ತಿದ್ದೆ.

ಎರಡು ದಿನ ಮೊದಲು ಎಂದರೆ ಸೋಮವಾರ. ಸೋಮವಾರ 10 ಗಂಟೆಗೆ ಆತ ಆಟೋ ತರಲು ಹೊರಟಿದ್ದು, ನಿಲ್ಲಿಸಿದವಳು ನಾನು. ಈ ಮಾತನ್ನು ಆತ ಇಲ್ಲಿ ಹೇಳಿದ್ದಾರೋ ಇಲ್ಲವೋ ನನಗೆ ತಿಳಿಯದು. ಹೇಳಿಲ್ಲ ಎಂದು ದಫೇದಾರರು ತಿಳಿಸಿದರು. ಮಗು ಆಸ್ಪತ್ರೆಯಲ್ಲಿದೆ, ಅಪ್ಪ ಠಾಣೆಯಲ್ಲಿದ್ದಾರೆ. ಇದನ್ನು ಕೇಳಿದ ಮೇಲೆ ಅಯ್ಯಂಗಾರರು ಯಾರ ಮೇಲೆ ಸಿಟ್ಟು ಮಾಡಬೇಕೋ ಮಾಡಲಿ, ಅಳಿಯನನ್ನು ಬಿಟ್ಟುಬಿಡಲಿ. ನನ್ನ ಮೇಲೆ ಯಾವ ಸೆಕ್ಷನ್ ಹಾಕಬೇಕೆಂದು ಕೇಳಿದೆ. ಇದಕ್ಕೆ ಸೆಕ್ಷನ್ ಇಲ್ಲ ಎಂದು ದಫೇದಾರರು ಹೇಳಿದರು. ಇಲ್ಲದಿದ್ದರೂ ನಾನು ಹೇಳಿದ ಸುಳ್ಳನ್ನು ಬರೆದುಕೊಳ್ಳಿ ಎಂದೆ.

(ಇಲ್ಲಿಂದ ಮುಂದಿನ ಹೇಳಿಕೆಯನ್ನು ಬರೆದುಕೊಂಡವರು ಕಾನ್ಸ್‌ಟೇಬಲ್ ಧರ್ಮರಾಜು. ಸಮಯ ಮಧ್ಯಾಹ್ನ 12-20.)

ಬರೆದುಕೊಳ್ಳುವವರು ಯಾಕೆ ಬದಲಾದರೆಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದ್ದರಿಂದ ಹೇಳುವುದೇನೆಂದರೆ, ಮೇಲಿನ ಮಾತು ಮುಗಿದಾಗ 12-05 ಆಗಿತ್ತು. ದಫೇದಾರ್ ಶಿವಲಿಂಗಯ್ಯನವರು ಪೆನ್ನು ಕೆಳಗಿಟ್ಟು, ಡಾಕ್ಟರು ಹೇಳಿದ್ದನ್ನು ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಬೆರಳಿನಿಂದ ಉಂಗುರ ಬಾರದಿದ್ದರೆ ಅದೂ ಹೀಗೆಯೋ ಎಂದು ಕೇಳಿದರು. ಯಾರಿಗೆ ಎಂದೆ. ತಮ್ಮ ಹೆಂಡತಿಗೆ ಎಂದರು. ಎಷ್ಟು ತಿಂಗಳು ಎಂದೆ. ಎಂಟು ತುಂಬಿದೆ ಎಂದರು. ಉಂಗುರ ಎಂದಿನಿಂದ ಬರುತ್ತಿಲ್ಲ ಎಂದೆ. ಭಾನುವಾರದಿಂದ ಎಂದರು. ಮುಖ ಹೇಗಿದೆ, ತಲೆನೋವು ಇದೆಯೇ ಎಂದು ಕೇಳಿದೆ. ಅವರು ಎದ್ದು ನಿಂತರು.

ಬಾಗಿಲ ತನಕ ಹೋಗಿ ತಿರುಗಿ ನೋಡಿದರು. ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ಕೇಳಿದರು. "ಏನೂ ಆಗಲ್ಲ ಅಲ್ವೇನಮ್ಮ?" ಹೂಂ ಎನ್ನಲು ನನ್ನ ಬಾಯಿ ತೆರೆದೇ ಇತ್ತು. ಬಾಯಿ ಮುಚ್ಚಿಕೊಂಡೆ. ಆಮೇಲೆ ಹೇಳಿದೆ. "ನಂಗೊತ್ತಿಲ್ಲ ಸ್ವಾಮಿ. ಆಗ್ಬಹುದು. ಇಲ್ಲಿ ನಿಂತ್ಕೋಬೇಡಿ, ಓಡಿ."

ಇಷ್ಟೇ ನಾನು ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು. ಓದಿ ಹೇಳಿಸಿ ಕೇಳಿದ್ದೇನೆ, ಒಂದು ಮಾತನ್ನೂ ತೆಗೆಸಿಲ್ಲ, ಎಲ್ಲವೂ ಸತ್ಯ.

ಸ್ಥಳ: ಬೆಂಗಳೂರು
ದಿನಾಂಕ: 9-3-1984
ದ್ರೌಪದಮ್ಮ ಇವರ ಎಡಗೈ ಹೆಬ್ಬೆಟ್ಟಿನ ಗುರುತು